ತಮ್ಮನ ಅಂಗಡಿಯ ಎರಡನೇ ಕುರ್ಚಿ

ಅಂಬೇವಾಡಿಯಿಂದ ಹೊರಟದ್ದು

ನನ್ನ ತಮ್ಮ ಪರಶು ಜರ್ಮನಿಯ ಕಾಸೆಲ್ ಎಂಬ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನನಗೆ ಅವನ ಬಗ್ಗೆ ಜಂಬ ಇದೆ. ಅದನ್ನು ಮುಚ್ಚಿಟ್ಟುಕೊಂಡು ಬರೆಯಲು ನನಗೆ ಬರುವುದಿಲ್ಲ. ದಾಂಡೇಲಿಯ ಅಂಬೇವಾಡಿಯಲ್ಲಿ ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದ ಹುಡುಗ, ಧಾರವಾಡದ ನರ್ಸ್ ಹುಡುಗಿಯನ್ನು ಮದುವೆಯಾಗಿ, ಅವಳಿಗೆ ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು ಬೆನ್ನು ಹತ್ತಿ ಹೋದವನು. ಅಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತ. ಈಗ ಸ್ವಂತ ಅಂಗಡಿ, ಹೆಸರಿನ ಬೋರ್ಡು, ಐದು ಜನ ಕೆಲಸದವರು.

ನಾನೂ ಅಂಗಡಿಯವಳೇ. ಹಳಿಯಾಳದ ಒಂದು ಸೀರೆ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಸೀರೆ ಬಿಚ್ಚಿ ತೋರಿಸಿ ಮಡಚಿಡುತ್ತಿದ್ದೇನೆ. ಬೆಳಿಗ್ಗೆ ದಾಂಡೇಲಿ ಬಿಟ್ಟರೆ ಸಂಜೆ ಬಸ್ಸು ಹತ್ತುವ ತನಕ ನಿಂತೇ ಇರಬೇಕು. ಆಷಾಢದಲ್ಲಿ ಲಗ್ನವಿಲ್ಲ, ಗಿರಾಕಿಯಿಲ್ಲ. ಹಾಗಾಗಿ ತಮ್ಮ ಟಿಕೆಟ್ ಕಳಿಸಿದಾಗ ಮಾಲಕರು ರಜೆ ಕೊಟ್ಟರು. "ಸುಮಿತ್ರಾಬಾಯಿ, ಶ್ರಾವಣಕ್ಕ ಬರ್ತೀರಿಲ್ಲೊ?" ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಅಪ್ಪ ನನ್ನ ಮತ್ತು ನನ್ನ ಗಂಡನ ಜೊತೆಗೇ ಇರುತ್ತಾರೆ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ದುಡಿದು ರಿಟೈರ್ ಆದವರು. ಮಶೀನಿನ ಸದ್ದಿಗೆ ಕಿವಿ ಮಂದವಾಗಿದೆ, ಹಾಗಾಗಿ ಅವರ ಪಿಸುಮಾತು ಕೂಡ ಓಣಿಯ ಕೊನೆಗೆ ಕೇಳಿಸುತ್ತದೆ. ಕಾರ್ಮಿಕರ ಸಂಘದ ಕಮಿಟಿಯಲ್ಲಿ ಬಹಳ ವರ್ಷ ಇದ್ದರು. ನಾನು ಹೊರಡುವಾಗ ಅವರು ಕೊಟ್ಟದ್ದು ಆಶೀರ್ವಾದವಲ್ಲ, ಡ್ಯೂಟಿ.

"ಐದು ಮಂದಿ ದುಡೀತಾರಂತ ಅವನ ಕಡೆ. ಅವರನ್ನ ಹೆಂಗ ನಡಸ್ಕೋತಾನ ನೋಡು. ಸುಳ್ಳ ಹೊಗಳಬ್ಯಾಡ. ನನಗ ಸರಿಯಾಗಿ ರಿಪೋರ್ಟ್ ಕೊಡು."

"ಆತ್ರೀ ಸಾಹೇಬ್ರ," ಎಂದು ಅಣಕಿಸಿ ರಿಕ್ಷಾ ಹತ್ತಿದೆ. ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ನಾನೇ ಹಾಕಿದ ನಿಂಬೆಕಾಯಿ ಉಪ್ಪಿನಕಾಯಿ ಇತ್ತು. ಆ ಉಪ್ಪಿನಕಾಯಿ ಮುಂದೆ ಎಂಥ ರಾದ್ಧಾಂತ ಮಾಡಲಿದೆ ಎಂದು ಆಗ ಗೊತ್ತಿರಲಿಲ್ಲ.

ಕಾಸೆಲ್, ಮೊದಲ ಬೆಳಗು

ಅಂಗಡಿ ಟ್ರಾಮ್ ನಿಲ್ದಾಣದ ಎದುರಿಗೇ ಇದೆ. ಅಕ್ಕಿ, ಬೇಳೆ, ಮಸಾಲೆ, ಮಾವಿನಹಣ್ಣು, ಕರಿಬೇವು, ಎಲ್ಲ ಸಾಲಾಗಿ ಜೋಡಿಸಿಟ್ಟದ್ದನ್ನು ನೋಡಿ ನನ್ನ ಎದೆಯುಬ್ಬಿತು. ನಮ್ಮ ಹಳಿಯಾಳದ ಪೇಟೆಯಲ್ಲೂ ಇಷ್ಟು ಒಪ್ಪವಾಗಿ ಇಟ್ಟ ಅಂಗಡಿ ಕಂಡಿಲ್ಲ. ಕೈ ತಡೆಯಲಿಲ್ಲ, ಸೊಟ್ಟಗಿದ್ದ ಒಂದು ಬೇಳೆ ಪ್ಯಾಕೆಟ್ ನೆಟ್ಟಗೆ ಮಾಡಿದೆ.

"ಅಕ್ಕಾ, ಮುಟ್ಟಬ್ಯಾಡ!" ಎಂದು ಪರಶು ಓಡಿ ಬಂದ. "ನೀ ಟೂರಿಸ್ಟ್ ವೀಸಾದಾಗ ಬಂದೀ. ಇಲ್ಲಿ ಕೆಲಸ ಮಾಡಿದ್ರ ನನಗ ಕುತ್ತಿಗಿಗೆ ಬರ್ತೈತಿ."

"ಒಂದ್ ಪ್ಯಾಕೆಟ್ ಸರಿಸಿದ್ರ ಕೆಲಸ ಆತೇನು?"

"ನೀ ಒಂದಕ್ಕ ನಿಲ್ಲೂದಿಲ್ಲ. ನನಗ ಗೊತ್ತಿಲ್ಲೇನು?"

ಗೊತ್ತಿತ್ತು. ಹತ್ತೊಂಬತ್ತು ವರ್ಷ ಅಂಗಡಿಯಲ್ಲಿ ಕೈಯಾಡಿಸಿದವಳನ್ನು ಅಂಗಡಿಗೇ ಕರೆತಂದು ಕೈಕಟ್ಟಿ ನಿಲ್ಲಿಸಿದರೆ ಎಷ್ಟು ಸಂಕಟ ಎಂದು ನೀವೇ ಯೋಚಿಸಿ.

ಗಲ್ಲಾದ ಹತ್ತಿರ ಹೈಕೆ ಎಂಬ ಹೆಂಗಸು ಕೂತಿದ್ದಳು. ಐವತ್ತೆಂಟರ ಆಸುಪಾಸು, ಬೆಳ್ಳನೆಯ ಗಿಡ್ಡ ಕೂದಲು, ಮೂಗಿನ ತುದಿಗೆ ಕನ್ನಡಕ. ಗಿರಾಕಿ ಬಂದರು, ಅವಳು ಕೂತೇ ಇದ್ದಳು. ಮತ್ತೊಬ್ಬರು ಬಂದರು, ಆಗಲೂ ಏಳಲಿಲ್ಲ. ಮಾಲಕನಾದ ನನ್ನ ತಮ್ಮನೇ ಎದುರು ಬಂದ, ಅವಳು ಕೂತಲ್ಲಿಂದಲೇ ಏನೋ ಹೇಳಿ ಅವನನ್ನೇ ಚೀಲ ತರಲು ಕಳಿಸಿದಳು! ನನ್ನ ಕಾಲುಗಳಿಗೆ ಆಗ ಹೊಟ್ಟೆಕಿಚ್ಚಾಯಿತು. ಇಲ್ಲಿ ಗಲ್ಲಾದವರೆಲ್ಲ ಕೂತೇ ಕೆಲಸ ಮಾಡುತ್ತಾರಂತೆ, ಯಾವ ಅಂಗಡಿಗೆ ಹೋದರೂ ಹಾಗೇ. ನಾನು ಅವಳಿಗೆ ಮನಸ್ಸಿನಲ್ಲೇ ಹೈಕೆಬಾಯಿ ಎಂದು ಹೆಸರಿಟ್ಟೆ.

ಕೈ ಆಡಿಸಬೇಡ ಎಂದರೆ ಬಾಯಿಗೆ ಅಡ್ಡಿಯಿಲ್ಲ ಎಂದುಕೊಂಡು ಬಾಗಿಲಲ್ಲಿ ನಿಂತು, ಹಳಿಯಾಳದ ರೂಢಿಯಂತೆ, "ಬರ್ರಿ ಬರ್ರಿ, ಒಳಗ ಬರ್ರಿ!" ಎಂದು ನಗುತ್ತ ಕರೆಯತೊಡಗಿದೆ. ಒಬ್ಬ ಮುದುಕ ಒಳಗೆ ಬರಲು ಕಾಲಿಟ್ಟವನು ನನ್ನ ನಗು ನೋಡಿ ಗಾಬರಿಯಾಗಿ, ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿ, ರಸ್ತೆ ದಾಟಿ ಹೋಗೇಬಿಟ್ಟ. ಹೈಕೆಬಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

ಮಧ್ಯಾಹ್ನ ಪರಶುವಿನ ಹೆಂಡತಿ ವಿದ್ಯಾ ಆಸ್ಪತ್ರೆಯಿಂದ ಬಂದಾಗ ಅವಳನ್ನು ನಡುವೆ ಕೂರಿಸಿಕೊಂಡು ಹೈಕೆಬಾಯಿ ತನ್ನ ಕಥೆ ಹೇಳಿದಳು. ವಯಸ್ಸಿನಲ್ಲಿ ಅವಳು ಪರದೇಶದ ದೊಡ್ಡ ಕಂಪನಿಯೊಂದರ ಅಂಗಡಿಯಲ್ಲಿ ಇದ್ದಳಂತೆ. ಬೆಳಿಗ್ಗೆ ಎಲ್ಲರೂ ಸೇರಿ ಕಂಪನಿಯ ಹೆಸರು ಕೂಗಿ ಚಪ್ಪಾಳೆ ಹೊಡೆಯಬೇಕು, ಗಿರಾಕಿ ಹತ್ತು ಹೆಜ್ಜೆ ದೂರ ಇರುವಾಗಲೇ ನಗಬೇಕು.

"ಮಂದಿ ಅಂಜಿ ಓಡ್ತಿದ್ರಂತ," ಎಂದು ವಿದ್ಯಾ ತನ್ನ ಧಾರವಾಡದ ಕನ್ನಡದಲ್ಲಿ ಬಿಡಿಸಿ ಹೇಳಿದಳು. "ಇವರು ಪರಿಚಯ ಇಲ್ದವರಿಗೆ ನಗೂದಿಲ್ಲ ಅಕ್ಕಾರ. ಆ ಕಂಪನಿಯವ್ರು ತಮ್ಮೂರ ಕಾನೂನು ಇಲ್ಲಿ ನಡಸಾಕ ಹೋದ್ರು, ಕೆಲಸದವರ ಮನಿ ವಿಷಯಕ್ಕೂ ಮೂಗು ತೂರಿಸಿದ್ರು. ಕಡೀಕ ಗಂಟು ಮೂಟಿ ಕಟ್ಟಿ ಹೋದ್ರಂತ."

ಐದು ಜನರಲ್ಲಿ ಇಬ್ಬರು ಲಂಕೆಯ ತಮಿಳು ಅಕ್ಕತಂಗಿಯರು, ಒಬ್ಬ ಅಲ್ಲಿಯವನೇ ಆದ ಡ್ರೈವರ್. ಐದನೆಯವನು ತೆಸ್ಫಾಯ್, ಆಫ್ರಿಕಾದ ಎರಿಟ್ರಿಯಾ ದೇಶದವನು, ಮೂರು ಮಕ್ಕಳ ತಂದೆ. ಸೇರಿ ಐದು ತಿಂಗಳಾಗಿತ್ತು. ಅವನು ಅಕ್ಕಿಚೀಲ ಹೊತ್ತು ಬರುವುದನ್ನು ಕಂಡು ನಾನು ಯೋಚನೆಯೇ ಮಾಡದೆ, "ಅಣ್ಣಾ, ಸಾವಕಾಶ, ಸೊಂಟ ಉಳುಕೀತು!" ಎಂದುಬಿಟ್ಟೆ. ನಮ್ಮ ಹಳಿಯಾಳ, ಮುಂಡಗೋಡದ ಕಡೆ ಆ ಗುಂಗುರು ಕೂದಲು, ಆ ಬಣ್ಣದ ಮುಖ ಕಂಡರೆ ಅವರು ನಮ್ಮ ಸಿದ್ದಿಯವರು, ನನಗಿಂತ ಚೆಂದ ಕನ್ನಡ, ಕೊಂಕಣಿ ಆಡುವವರು. ಸಂತೆಯಲ್ಲಿ ನನ್ನ ಪಕ್ಕ ಕೂತು ಬಸ್ಸಿಗೆ ಕಾಯುವವರು. ತೆಸ್ಫಾಯ್‌ಗೆ ಏನು ತಿಳಿಯಿತೋ, ಚೀಲ ಇಳಿಸಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಪರಶು ಅದು ಪ್ರೀತಿಯಿಂದ ಕರೆಯುವ ಮಾತು ಎಂದಷ್ಟೇ ಹೇಳಿದ ಮೇಲೆ ಅವತ್ತಿನಿಂದ ನನ್ನನ್ನು ಕಂಡಾಗಲೆಲ್ಲ "ಅಣ್ಣಾ!" ಎಂದು ಕೂಗುತ್ತಿದ್ದ. ನಾನು ತಿದ್ದಲಿಲ್ಲ.

ಒಳಕೋಣೆಯನ್ನೂ ನೋಡಿದೆ. ಒಂದು ಮೇಜು, ಒಂದೇ ಒಂದು ಕುರ್ಚಿ. ಗಾಲಿ ಇದ್ದದ್ದು, ಎರಡೂ ಬದಿಗೆ ಕೈ ಇದ್ದದ್ದು. ಅದು ಪರಶುವಿನದು. ಉಳಿದವರು ಮಾತಾಡಲು ಬಂದರೆ ನಿಂತು ಮಾತಾಡಿ ಹೋಗುತ್ತಿದ್ದರು. ಅದು ಆಗ ನನಗೆ ವಿಶೇಷವೆನಿಸಲಿಲ್ಲ. ನಮ್ಮ ಮಾಲಕರ ಎದುರೂ ನಾವು ನಿಲ್ಲುವವರೇ.

ಭಾನುವಾರ

ಭಾನುವಾರ ಇಡೀ ಊರಿನ ಅಂಗಡಿಗಳು ಮುಚ್ಚಿರುತ್ತವೆ. ಕಾನೂನೇ ಹಾಗಂತೆ. ಹಳಿಯಾಳದಲ್ಲಿ ಭಾನುವಾರವೇ ನಮಗೆ ಉಸಿರಾಡಲು ಪುರಸೊತ್ತಿರುವುದಿಲ್ಲ. ಇಲ್ಲಿ ರಸ್ತೆಯೆಲ್ಲ ಬಿಕೋ ಅನ್ನುತ್ತಿತ್ತು. ಅಂಗಡಿಯ ಮೇಲೇ ತಮ್ಮನ ಮನೆ. ನಾನು ಸುಮ್ಮನಿರಲಾರದೆ ಕೆಳಗಿಳಿದು, ಮುಂದಿನ ಮೆಟ್ಟಿಲಿಗೆ ಒಂದು ಬಕೆಟ್ ನೀರು ಹೊಡೆದು ಪರಪರ ತಿಕ್ಕತೊಡಗಿದೆ. ಎದುರುಮನೆಯ ಕಿಟಕಿ ತೆರೆಯಿತು. ಪಕ್ಕದ ಕಿಟಕಿಯೂ ತೆರೆಯಿತು. ಪರಶು ಒಳಚಡ್ಡಿಯಲ್ಲೇ ಓಡಿಬಂದು ಕಸಬರಿಗೆ ಕಸಿದುಕೊಂಡ.

"ಇವತ್ತ ಅಂಗಡಿ ಕೆಲಸ ಮಾಡೂಹಂಗಿಲ್ಲ ಅಕ್ಕಾ! ಮಂದಿ ಏನಂತಾರ?"

ಹಾಗಂದವನು ಮೇಲೆ ಬಂದು ಫೋನ್ ಹಿಡಿದು ಕೂತ. ಟಿಂಗ್ ಟಿಂಗ್. ನಾಳೆ ಲಾರಿ ಬೇಗ ಬರುತ್ತೆ, ಎಲ್ಲರೂ ಅರ್ಧ ತಾಸು ಮುಂಚೆ ಬನ್ನಿ ಎಂದು ಕೆಲಸದವರ ಗುಂಪಿಗೆ ಸಂದೇಶ ಕಳಿಸುತ್ತಿದ್ದ. ಯಾರೂ ಉತ್ತರ ಕೊಡಲಿಲ್ಲ. ಮತ್ತೊಂದು ಕಳಿಸಿದ.

"ನಾ ಹೇಳಿ ಹೇಳಿ ಸಾಕಾಗೇತಿ," ಎಂದಳು ವಿದ್ಯಾ. "ರಜಾ ಅಂದ್ರ ರಜಾ ಇಲ್ಲಿ. ನಿಮ್ಮ ತಮ್ಮಗ ಕಾನೂನು ಪೂರ್ತಿ ಬಾಯಿಪಾಠ ಆಗೇತಿ, ಕೈಗೆ ಮಾತ್ರ ಬಂದಿಲ್ಲ."

ಟ್ರಾಮಿನ ಕೊನೆಯ ನಿಲ್ದಾಣ

ಎರಡನೇ ವಾರ ಹೈಕೆಬಾಯಿ ಬರಲಿಲ್ಲ. ಜ್ವರವೆಂದು ಫೋನ್ ಮಾಡಿದಳಂತೆ. ಪರಶು ಮುಖ ಗಂಟಿಕ್ಕಿಕೊಂಡು, "ಲಾರಿ ಬರೂ ದಿನಾನ ಜ್ವರ ಬರ್ತೈತಿ," ಎಂದು ಗೊಣಗಿದ. ನನಗೆ ಅವನ ಗೊಣಗಾಟ ಕೇಳಿಸಲಿಲ್ಲ, ಜ್ವರ ಎಂಬುದಷ್ಟೇ ಕೇಳಿಸಿತು. ಒಂಟಿ ಹೆಂಗಸು ಅಂತ ವಿದ್ಯಾ ಹೇಳಿದ್ದಳು. ನಮ್ಮಲ್ಲಿ ಜೊತೆಗೆ ಕೆಲಸ ಮಾಡುವವರು ಹಾಸಿಗೆ ಹಿಡಿದರೆ ನೋಡಲು ಹೋಗದವರು ಮನುಷ್ಯರೇ?

ಮೆತ್ತಗೆ ಗಂಜಿ ಮಾಡಿದೆ, ಡಬ್ಬಿಗೆ ತುಂಬಿದೆ, ನಿಂಬೆಕಾಯಿ ಉಪ್ಪಿನಕಾಯಿ ಬೇರೆ ಸಣ್ಣ ಡಬ್ಬಿಯಲ್ಲಿ ಕಟ್ಟಿದೆ. ವಿಳಾಸಕ್ಕೆ? ಒಳಕೋಣೆಯ ಫೈಲಿನಲ್ಲಿ ಕೆಲಸದವರ ಹೆಸರು, ಮನೆ ಎಲ್ಲ ಇತ್ತು. ಅದರ ಮೇಲೆ ಫೋನ್ ಹಿಡಿದು ಫೋಟೋ ತೆಗೆದುಕೊಂಡೆ. ಟ್ರಾಮಿನಲ್ಲಿ ಎದುರು ಕೂತವಳಿಗೆ ಆ ಫೋಟೋ ತೋರಿಸಿದೆ, ಅವಳು ಕೊನೆಯ ನಿಲ್ದಾಣದವರೆಗೂ ಬಂದು ಕೈಹಿಡಿದು ಮನೆಯ ಬಾಗಿಲು ತೋರಿಸಿ, ನಗದೆಯೇ ಹೋದಳು. ನಗುವುದಿಲ್ಲ ಅಷ್ಟೇ, ಒಳ್ಳೆಯ ಜನ.

ಬೆಲ್ ಒತ್ತಿದೆ. ಹೈಕೆಬಾಯಿ ಬಾಗಿಲು ತೆರೆದಳು, ಮೈಮೇಲೆ ಶಾಲು, ಮೂಗು ಕೆಂಪಗೆ. ನನ್ನನ್ನು ಕಂಡು ಅವಳ ಮುಖ ಬಿಳುಪೇರಿತು. ನಾನು ಡಬ್ಬಿ ಚಾಚಿದೆ. ಅವಳು ತೆಗೆದುಕೊಂಡಳು, ಆದರೆ ನನ್ನ ಹೆಗಲ ಮೇಲಿಂದ ರಸ್ತೆಯತ್ತ ನೋಡಿದಳು, ಯಾರಾದರೂ ಜೊತೆಗೆ ಬಂದಿದ್ದಾರೆಯೇ ಎಂದು. ಆಮೇಲೆ ಒಂದೇ ಮಾತು ಕೇಳಿದಳು. ಅದರಲ್ಲಿ ನನಗೆ ತಿಳಿದದ್ದು ಒಂದೇ ಶಬ್ದ, "ಪರಶುರಾಮ್?"

ಅವನು ಹುಷಾರಾಗಿದ್ದಾನೆಯೇ ಎಂದು ಕೇಳುತ್ತಿದ್ದಾಳೆ ಅಂದುಕೊಂಡು ನಾನು ಜೋರಾಗಿ ತಲೆಯಾಡಿಸಿದೆ, ಹೌದು, ಹೌದು. ಬಾಗಿಲು ಮುಚ್ಚಿತು.

ಮನೆಗೆ ಬಂದು ಹೇಳಿದೆ. ಪರಶು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ.

"ಅಕ್ಕಾ, ಏನ್ ಮಾಡಿ ಬಂದಿ! ಇಲ್ಲಿ ಜಡ್ಡಾಗಿ ಮಲಗಿದವರ ಮನೀಗೆ ಮಾಲಕನ ಕಡೆಯವರು ಹೋದ್ರ, ಖರೇನ ಜಡ್ಡೈತೋ ಸುಳ್ಳೋ ಅಂತ ಚೆಕ್ ಮಾಡಾಕ ಬಂದಾರ ಅಂತ ಅರ್ಥ! ಅದೂ ಫೈಲ್‌ನ್ಯಾಗಿನ ಅಡ್ರೆಸ್ ಕದ್ದು!"

"ಗಂಜಿ ಕೊಡಾಕ ಹೋಗಿದ್ನಿ ನಾನು!"

"ಗಂಜಿಗೆ ಇಲ್ಲಿ ಕಾನೂನು ಗೊತ್ತಾಗೂದಿಲ್ಲ."

ಹೈಕೆಬಾಯಿ ಬಿಟ್ಟುಹೋದರೆ ಅಂಗಡಿಯ ಗತಿಯೇನು? ಬಿಲ್ಲು, ಲಾರಿ, ಸರಕಾರಿ ಕಾಗದಪತ್ರ, ಎಲ್ಲ ಅವಳ ಕೈಯಲ್ಲಿತ್ತು. ತಮ್ಮನ ಮನೆಗೆ ಅತಿಥಿಯಾಗಿ ಬಂದು ಅವನ ಬುಡಕ್ಕೇ ಕೊಡಲಿ ಹಾಕಿದೆನಲ್ಲ ಎಂದು ಅತ್ತೆ.

ಹಲಗೆಯ ಮೇಲಿನ ಕಾಗದ

ಮೂರು ದಿನದ ಮೇಲೆ ಹೈಕೆಬಾಯಿ ಬಂದಳು. ತೊಳೆದ ಡಬ್ಬಿಗಳನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಒಳಕೋಣೆಯ ಹೊರಗಿದ್ದ ಹಲಗೆಗೆ ಒಂದು ಕಾಗದ ಚುಚ್ಚಿ ತನ್ನ ಜಾಗದಲ್ಲಿ ಹೋಗಿ ಕೂತಳು.

ಪರಶು ಅದನ್ನು ಓದಿ ಬಿಳಚಿಕೊಂಡ. ಆ ದೇಶದಲ್ಲಿ ಐದು ಜನ ಕಾಯಂ ಕೆಲಸದವರಿರುವ ಕಡೆ, ಅವರು ತಮ್ಮಲ್ಲೊಬ್ಬರನ್ನು ಪ್ರತಿನಿಧಿಯಾಗಿ ಆರಿಸಿಕೊಳ್ಳಬಹುದಂತೆ. ಕೆಲಸದ ವೇಳೆ, ರಜೆ, ಪಾಳಿ, ಎಲ್ಲದಕ್ಕೂ ಮಾಲಕ ಆ ಪ್ರತಿನಿಧಿಯೊಡನೆ ಕೂತು ಮಾತಾಡಬೇಕು. ಆ ಚುನಾವಣೆಗೆ ಸಭೆ ಕರೆದ ಕಾಗದ ಅದು.

ಸಂಜೆ ಅವನು ಫ್ರಾಂಕ್‌ಫರ್ಟಿನಲ್ಲಿ ಅಂಗಡಿಯಿಟ್ಟಿರುವ ನಮ್ಮ ಕಡೆಯವನೇ ಒಬ್ಬ ಗೆಳೆಯನಿಗೆ ಫೋನ್ ಹಚ್ಚಿದ. ಅವನ ಬುದ್ಧಿವಾದ ನನಗೂ ಕೇಳಿಸಿತು. "ಐದು ಮಂದಿ ಇದ್ರ ಅಲ್ಲೇನು ಎಲೆಕ್ಷನ್? ನಾಲ್ಕು ಮಾಡು. ಹೊಸಬ ಇದ್ದಾನಲ್ಲ, ಆರು ತಿಂಗಳು ಆಗೂದ್ರೊಳಗ ತಗದ್ಹಾಕು. ಕಾರಣ ಕೇಳೂದಿಲ್ಲ."

ಹೊಸಬನೆಂದರೆ ತೆಸ್ಫಾಯ್. ನನ್ನನ್ನು ಅಣ್ಣಾ ಎಂದು ಕರೆಯುವವನು, ಮೂರು ಮಕ್ಕಳ ತಂದೆ. ವಿದ್ಯಾ ರೇಗಿದಳು. ಎಲೆಕ್ಷನ್ ತಪ್ಪಿಸಲು ಹಾಗೆ ಮಾಡುವುದು ಕಾನೂನಿಗೇ ವಿರುದ್ಧ ಎಂದಳು. ಪರಶು ಕೇಳಲಿಲ್ಲ. ಕೂತು, ತೆಸ್ಫಾಯ್‌ನನ್ನು ಕೆಲಸದಿಂದ ತೆಗೆಯುವ ಪತ್ರ ಬರೆದ, ಅಚ್ಚು ಹಾಕಿ ಬ್ಯಾಗಿಗೆ ತುರುಕಿದ.

"ಪರಶು, ಅವ ಏನ್ ತಪ್ಪ್ ಮಾಡ್ಯಾನ?"

"ಏನೂ ಇಲ್ಲ. ಬಂಗಾರದಂಥ ಮನಷ್ಯಾ."

"ಮತ್ತ?"

"ಅಕ್ಕಾ, ನಾ ಒಬ್ಬನ ನಿಂತು ಕಟ್ಟಿದ ಅಂಗಡಿ ಇದು. ನಾಳೆ ನನ್ನ ಅಂಗಡ್ಯಾಗ ನಾನು ಕೈಕಟ್ಟಿ ನಿಲ್ಲಬೇಕಾಗ್ತೈತಿ." ಅವನ ಮುಖ ನೋಡಿದೆ. ಸಿಟ್ಟಲ್ಲ, ಹೆದರಿಕೆ. ಚಿಕ್ಕವನಿದ್ದಾಗ ಮಿಲ್ಲಿನ ಸೈರನ್ ಕೇಳಿ ನನ್ನ ಲಂಗದ ಹಿಂದೆ ಅಡಗುತ್ತಿದ್ದನಲ್ಲ, ಅದೇ ಮುಖ.

ಮರುದಿನ ನಾನು ವಿದ್ಯಾಳನ್ನು ಕರೆದುಕೊಂಡು ಹೋಗಿ ಹೈಕೆಬಾಯಿಯ ಕ್ಷಮೆ ಕೇಳಿದೆ. ಯಾರೂ ಕಳಿಸಿರಲಿಲ್ಲ, ನಮ್ಮೂರ ಪದ್ಧತಿ, ನನ್ನದೇ ದಡ್ಡತನ ಎಂದೆ. ಅವಳು ಸಮಾಧಾನದಿಂದ ಕೇಳಿದಳು. ವಿದ್ಯಾ ಅವಳ ಉತ್ತರ ತಂದಳು.

"ಗಂಜಿ ಛಲೋ ಇತ್ತಂತ. ಉಪ್ಪಿನಕಾಯಿಗೆ ಮೂಗು ಬಿಚ್ಚಿತಂತ. ಆದ್ರ ಬಾಗಿಲು ನಂದು, ಹೇಳಿ ಬರಬೇಕಿತ್ತು ಅಂತಾಳ. ಎಲೆಕ್ಷನ್‌ಗೆ ನಿಮ್ಮ ಗಂಜಿ ಕಾರಣ ಅಲ್ಲಂತ. ದಿನಾ ಅಂಗಡಿ ಮುಚ್ಚಿದ ಮ್ಯಾಲೂ ಮೆಸೇಜು, ಐತವಾರನೂ ಮೆಸೇಜು. ನಾಕು ತಿಂಗಳಿಂದ ಹೇಳಬೇಕಂತ ಮಾಡ್ಯಾಳ, ಎದುರು ನಿಂತು ಹೇಳಾಕ ಆಗಿಲ್ಲ. ಪರಶುರಾಮ್ ಕೆಟ್ಟವ ಅಲ್ಲ, ಅವಗ ಒಬ್ಬರು ಕುಂತು ಹೇಳವರು ಬೇಕು ಅಂತಾಳ."

ಎದುರು ನಿಂತು ಹೇಳಲಾಗಲಿಲ್ಲ. ಆ ಮಾತು ನನ್ನನ್ನು ಬಿಡಲಿಲ್ಲ. ಒಳಕೋಣೆಯ ಒಂಟಿ ಕುರ್ಚಿ ಕಣ್ಣಿಗೆ ಬಂತು.

ಗುಡ್ಡದ ಮೇಲೆ

ಮುಂದಿನ ಭಾನುವಾರ ಪರಶು, ನಾನು ಗುಡ್ಡ ಹತ್ತಿದೆವು. ವಿದ್ಯಾಳಿಗೆ ಆಸ್ಪತ್ರೆಯ ಪಾಳಿಯಿತ್ತು. ಕಾಸೆಲ್‌ನ ಗುಡ್ಡದ ತುದಿಯಿಂದ ಕಲ್ಲಿನ ಮೆಟ್ಟಿಲುಗಳ ಮೇಲೆ ನೀರು ಬಿಡುತ್ತಾರೆ, ಗಂಟೆ ನೋಡಿಕೊಂಡು. ಸಾವಿರಾರು ಜನ ಸದ್ದಿಲ್ಲದೆ ಕಾದು ಕೂತಿರುತ್ತಾರೆ. ನಮ್ಮ ಕಾಳಿ ನದಿಗೂ ಸೂಪಾ ಡ್ಯಾಮಿನಿಂದ ನೀರು ಬಿಟ್ಟ ಮೇಲೇ ಅಲ್ಲವೇ ರಾಫ್ಟಿನವರ ಗದ್ದಲ? ನೀರು ಬಂತು, ಹುಡುಗರು ಅದರ ಜೊತೆಗೇ ಕೆಳಗೆ ಓಡಿದರು. ಪರಶು ನೋಡುತ್ತಿರಲಿಲ್ಲ. ಬ್ಯಾಗು ತೊಡೆಯ ಮೇಲಿತ್ತು. ನಾಳೆ ಬೆಳಿಗ್ಗೆ ಆ ಪತ್ರ ಕೊಡುವವನಿದ್ದ.

"ನಿನಗ ನೆನಪಿಲ್ಲ, ನೀ ಭಾಳ ಸಣ್ಣವ ಇದ್ದಿ," ಎಂದೆ. "ಅಪ್ಪ ಕಮಿಟಿ ಕಡೆಯಿಂದ ಮ್ಯಾನೇಜರ ಖೋಲಿಗೆ ಹೋಗ್ತಿದ್ರು. ಮ್ಯಾನೇಜರ್ ಕುಂತಿರ್ತಿದ್ದ, ಇವರು ಏಳು ಮಂದಿ ನಿಂತಿರ್ತಿದ್ರು. ಪಾಳಿ ಮುಗಿಸಿ ಹೋಗಿ ಮತ್ತ ಎರಡ್ ತಾಸು ನಿಲ್ಲೂದು. ಒಂದಿನ ಅಪ್ಪ ಸೈಕಲ್ ಅಲ್ಲೇ ಅಂಗಳದಾಗ ಒಗದು ಓಡಿ ಬಂದ್ರು. ಅವ್ವಗ, 'ಇವತ್ತ ಕುರ್ಚಿ ಕೊಟ್ರು!' ಅಂದ್ರು. ಅವ್ವ, 'ಎಂಥಾ ಕುರ್ಚಿ?' ಅಂದ್ಳು. 'ಕೈ ಇಲ್ಲದ್ದು. ಕೈ ಇದ್ದದ್ದು ಮ್ಯಾನೇಜರದು ಒಂದ. ಇರ್ಲಿ ಬಿಡು, ಕುಂತೆವಲ್ಲ!' ಅವ್ವ ರವಾ, ಸಕ್ಕರಿ ಹಾಕಿ ಶಿರಾ ಮಾಡಿದ್ಳು ಅವತ್ತ. ನೀ ಎರಡ್ ಸಲ ಹಾಕಿಸ್ಕೊಂಡು ತಿಂದಿ. ಯಾಕಂತ ನಿನಗ ಗೊತ್ತಿರಲಿಲ್ಲ."

"ಅದು ಮಿಲ್ಲು ಅಕ್ಕಾ. ಸಾವಿರ ಮಂದಿ. ಇದು ಪುಟ್ಟ ಅಂಗಡಿ."

"ಕಾಲು ಎಲ್ಲಾರಿಗೂ ಎರಡ ಇರ್ತಾವ ಪರಶು. ನಿಂತವರಿಗೇ ಗೊತ್ತು. ನಾ ಹತ್ತೊಂಬತ್ತು ವರ್ಷದಿಂದ ನಿಂತೇನಿ."

ಅಷ್ಟರಲ್ಲಿ ಅಪ್ಪನ ವೀಡಿಯೊ ಕರೆ ಬಂತು. ಅಲ್ಲಿ ಸಂಜೆಯ ಚಹಾದ ಹೊತ್ತು. ಪರದೆಯ ತುಂಬ ಅಪ್ಪನ ಕಿವಿ, ಹಿಂದೆ ಅವರ ಸಂಘದ ಹಳೇ ಗೆಳೆಯರಿಬ್ಬರು.

"ಸುಮೀ! ರಿಪೋರ್ಟ್ ಏನಾತು?" ಎಂಬ ಗರ್ಜನೆಗೆ ಮೆಟ್ಟಿಲ ಮೇಲಿದ್ದ ಜರ್ಮನ್ನರೆಲ್ಲ ತಿರುಗಿದರು. "ಪರಶು ಅದಾನೇನು? ಏ ಪರಶು, ಇವರಿಗೆ ನೀನ ಹೇಳಪಾ. ನಂಬವೊಲ್ಲರು. ಎಷ್ಟು ಮಂದಿ ಅದಾರ ನಿನ್ನ ಕಡೆ?"

ಪರಶು ನನ್ನನ್ನು ನೋಡಿದ. ಬ್ಯಾಗನ್ನು ನೋಡಿದ.

"ಐದು, ಅಪ್ಪಾ."

"ಕೇಳ್ರಿ! ಐದು ಮಂದಿ! ನನ್ನ ಮಗನ ಜೋಡಿ ಐದು ಮಂದಿ ದುಡೀತಾರ!" ಅಪ್ಪ ಗೆಳೆಯರ ಕಡೆ ತಿರುಗಿ ಬೆರಳು ಅಗಲಿಸಿದ ಅಂಗೈ ತೋರಿಸಿದರು. "ಕೈಕೆಳಗ ಅಂತ ನಾ ಅನ್ನೂದಿಲ್ಲ, ಜೋಡಿ ಅಂತೇನಿ."

ಕರೆ ಮುಗಿದ ಮೇಲೆ ಪರಶು ಎದ್ದ. ಇಳಿಯುವಾಗ ದಾರಿಯಲ್ಲಿ ನಿಂತು ಬ್ಯಾಗಿನಿಂದ ಪತ್ರ ತೆಗೆದು ನಾಲ್ಕು ಚೂರು ಮಾಡಿದ. ಎಸೆಯಲು ಅಲ್ಲಿದ್ದ ಕಸದ ಡಬ್ಬಿಯ ಹತ್ತಿರ ಹೋದವನು, ಅದು ಕಾಗದದ ಡಬ್ಬಿಯಲ್ಲ ಎಂದು ಚೂರುಗಳನ್ನು ಕಿಸೆಗೆ ಹಾಕಿಕೊಂಡು ಮನೆಗೆ ತಂದು ನೀಲಿ ಡಬ್ಬಿಗೆ ಹಾಕಿದ. ಆ ದೇಶದಲ್ಲಿ ಮನಸ್ಸು ಬದಲಾದರೂ ಕಸ ಬೇರೆ ಮಾಡಲೇಬೇಕು.

ಅಂಗಡಿಯ ಹಿಂದೆ

ಮತ ಹಾಕುವ ದಿನ ಮಾಲಕ ಒಳಗೆ ಇರಬಾರದಂತೆ. ಪರಶು, ನಾನು ಅಂಗಡಿಯ ಹಿಂದಿನ ಗಾಡಿ ನಿಲ್ಲಿಸುವ ಜಾಗದಲ್ಲಿ ನಿಂತಿದ್ದೆವು. ಒಳಗೆ ಐದು ಜನ, ಹಣ್ಣಿನ ಒಂದು ಖಾಲಿ ಪೆಟ್ಟಿಗೆ, ಮಡಚಿದ ಚೀಟಿಗಳು. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನವೂ ಪರಶು ಹೀಗೇ ಉಗುರು ಕಡಿಯುತ್ತಿದ್ದ.

"ಅಕ್ಕಾ, ನಿಲ್ಲಾಕ ಆಗವಲ್ಲದು."

"ನಿಲ್ಲು. ನಿನಗೂ ರೂಢಿ ಆಗ್ಲಿ," ಎಂದು ಕಿಚಾಯಿಸಿದೆ.

ಬಾಗಿಲು ತೆರೆದು ತೆಸ್ಫಾಯ್ ಇಣುಕಿದ. ಚೀಟಿ ಎಣಿಸುವಾಗ ಎಲ್ಲರೂ ನೋಡಬಹುದಂತೆ, ಕರೆಯಲು ಬಂದಿದ್ದ. "ಅಣ್ಣಾ!" ಎಂದು ನನ್ನನ್ನು ಕರೆದು, ಪರಶುವಿಗೆ ಬಾಗಿಲು ಹಿಡಿದು ನಿಂತ. ತನ್ನ ಹೆಸರಿನ ಪತ್ರವೊಂದು ಕೆಲವು ದಿನ ಇವನ ಬ್ಯಾಗಿನಲ್ಲಿ ಇತ್ತೆಂದು ಅವನಿಗೆ ಗೊತ್ತಿರಲಿಲ್ಲ. ಪರಶು ಅವನ ಭುಜ ಗಟ್ಟಿಯಾಗಿ ಹಿಡಿದ, ಕಣ್ಣು ತಪ್ಪಿಸಿದ. ನಾನು ಕಂಡೂ ಕಾಣದವಳಂತೆ ಒಳಗೆ ಹೋದೆ.

ಹೈಕೆಬಾಯಿಯೇ ಆರಿಸಿ ಬಂದಳು. ಲಂಕೆಯ ಅಕ್ಕತಂಗಿಯರು ಚಪ್ಪಾಳೆ ತಟ್ಟಿದರು. ನನ್ನ ತಮ್ಮ ಹೋಗಿ ಅವಳ ಕೈಕುಲುಕಿದ. ಅವಳು ತೊಳೆದುಕೊಟ್ಟಿದ್ದ ಅದೇ ಸಣ್ಣ ಡಬ್ಬಿಯಲ್ಲಿ ನಾನು ಉಳಿದ ಉಪ್ಪಿನಕಾಯಿಯನ್ನೆಲ್ಲ ಅವಳಿಗೆ ಕೊಟ್ಟೆ. ಈ ಸಲ ಮೊದಲು ವಿದ್ಯಾಳ ಬಾಯಲ್ಲಿ ಕೇಳಿಸಿ, ಹೂಂ ಅಂದ ಮೇಲೇ ಕೊಟ್ಟೆ.

ಹೊರಡುವ ಮುಂಚಿನ ದಿನ

ಮರುದಿನ ಬೆಳಿಗ್ಗೆ ಪರಶು ಮೇಲಿನ ಅಡುಗೆಮನೆಯಿಂದ ಒಂದು ಮರದ ಕುರ್ಚಿ ಎತ್ತಿಕೊಂಡು ಕೆಳಗಿಳಿದ. ವಿದ್ಯಾ ತರಕಾರಿ ಹೆಚ್ಚಲು ಕೂರುವ ಕುರ್ಚಿ ಅದು, ಕೈ ಇಲ್ಲದ್ದು. ನಾನು ಹಿಂದೆ ಹಿಂದೆಯೇ ಹೋದೆ.

ಹೈಕೆಬಾಯಿ ಒಳಕೋಣೆಗೆ ಬಂದಳು, ಕೈಯಲ್ಲಿ ಪಟ್ಟಿ. ರೂಢಿಯಂತೆ ಮೇಜಿನ ಎದುರು ನಿಂತಳು. ಪರಶು ತನ್ನ ಕೈಯಿರುವ ಗಾಲಿಯ ಕುರ್ಚಿಯನ್ನು ಮೇಜು ಸುತ್ತಿಸಿ ತಂದು ಅವಳ ಹಿಂದೆ ಇಟ್ಟ. ತಾನು ಅಡುಗೆಮನೆಯ ಕುರ್ಚಿ ಎಳೆದುಕೊಂಡು ಆಚೆ ಕೂತ. ಹೈಕೆಬಾಯಿ ತಿರುಗಿ ಕುರ್ಚಿಯನ್ನು ನೋಡಿದಳು. ಆಮೇಲೆ ಕೂತು, ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಊರಿ, ಕನ್ನಡಕ ಹಾಕಿಕೊಂಡು ಪಟ್ಟಿ ಓದತೊಡಗಿದಳು. ಅಂಗಡಿ ಮುಚ್ಚಿದ ಮೇಲೆ ಸಂದೇಶ ಕಳಿಸಬಾರದು. ಪಾಳಿಯ ಪಟ್ಟಿ ಎರಡು ವಾರ ಮುಂಚೆ ಹಾಕಬೇಕು. ಮೂರನೆಯದಕ್ಕೆ ಪರಶು ನಕ್ಕುಬಿಟ್ಟ. ಎಲ್ಲವನ್ನೂ ಆಮೇಲೆ ನನಗೆ ಅವನೇ ಬಿಡಿಸಿ ಹೇಳಿದ, ಮೂರನೆಯದು ಇದು: ಮಾಲಕನೂ ಮಧ್ಯಾಹ್ನ ಕೂತು ಉಣ್ಣಬೇಕು, ಅವನು ನಿಂತು ನುಂಗಿದರೆ ಬೇರೆಯವರಿಗೆ ಕೂತು ಉಣ್ಣಲು ಮನಸ್ಸಾಗುವುದಿಲ್ಲ.

ಜಂಬ ಎಂದೆನಲ್ಲ, ಅದನ್ನು ಇಟ್ಟುಕೊಂಡು ಅಲ್ಲಿ ನಿಲ್ಲಲಾಗಲಿಲ್ಲ. ರಸ್ತೆಗೆ ಬಂದು ಅಪ್ಪನಿಗೆ ಫೋನ್ ಹಚ್ಚಿದೆ.

"ಅಪ್ಪಾ, ರಿಪೋರ್ಟ್ ಕೊಡ್ತೇನಿ. ಕೇಳಸ್ತೈತಿಲ್ಲೊ?"

"ಹೇಳವಾ!"

"ಇಲ್ಲಿ ಕೆಲಸದವರು ಎಲೆಕ್ಷನ್ ಮಾಡಿ ಒಬ್ಬಾಕಿನ ಆರಿಸ್ಯಾರ. ಇವತ್ತ ಆಕಿಗೆ ಕುರ್ಚಿ ಕೊಟ್ರು."

ಆ ಕಡೆ ತಗಡಿನ ಮೇಲೆ ಮಳೆಯ ಸದ್ದಷ್ಟೇ ಕೇಳಿಸುತ್ತಿತ್ತು. ಅಪ್ಪನಿಗೆ ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಲು ಬಾಯಿ ತೆರೆದೆ.

"ಯಾರು ಕೊಟ್ರು?"

"ನಿನ್ನ ಮಗ."

ಆಮೇಲೆ ಅಪ್ಪ, ನನ್ನ ಜೀವಮಾನದಲ್ಲಿ ಮೊದಲ ಸಲ, ಮೆಲ್ಲಗೆ ಮಾತಾಡಿದರು.

"ಎಂಥಾ ಕುರ್ಚಿ? ಕೈ ಇದ್ದದ್ದೋ, ಇಲ್ಲದ್ದೋ?"

"ಕೈ ಇದ್ದದ್ದು, ಅಪ್ಪಾ. ಇಲ್ಲದ್ದರ ಮ್ಯಾಲೆ ಅವ ಕುಂತಾನ."

ಅಪ್ಪ ಫೋನು ಕೈಯಲ್ಲಿ ಹಿಡಿದುಕೊಂಡೇ ನನ್ನ ಗಂಡನನ್ನು ಕೂಗಿದ್ದು ಅಂಬೇವಾಡಿಗೆಲ್ಲ ಕೇಳಿಸಿರಬೇಕು:

"ಅಳಿಯಾರ! ಮನ್ಯಾಗ ರವಾ ಐತೇನ್ ನೋಡ್ರಿ, ಶಿರಾ ಮಾಡೂಣು!"